ನಗರದ ತೊಂದರೆಗೆ ತಂತ್ರಜ್ಞಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ನೀರು, ಕಸ, ಕೆರೆ, ಗಾಳಿ, ದುಡಿಮೆ ಇವುಗಳ ಬಗ್ಗೆ ಬೆಂಗಳೂರಿನ ಓದುಗರು ಬರೆದ ಪತ್ರಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬಂದಿದೆ. ಮಾರುಕಟ್ಟೆಯ ಉಪಕರಣ, ಸರ್ಕಾರದ ಆ್ಯಪ್, ಕಾಲೇಜಿನಲ್ಲಿ ತಯಾರಾಗುವ ಸಂವೇದಕ ಇವುಗಳಿಂದ ನಮ್ಮ ಬೀದಿಯ ಕಷ್ಟ ನೀಗುತ್ತದೆಯೇ ಎಂಬುದೇ ಆ ಪ್ರಶ್ನೆ. ಆಯ್ದ ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು 96 ಮನೆಗಳ ಅಪಾರ್ಟ್‌ಮೆಂಟ್. ಎರಡು ಕೊಳವೆಬಾವಿಗಳಲ್ಲಿ ಒಂದು ಬತ್ತಿದೆ. ಬೇಸಿಗೆ ಬಂದರೆ ಟ್ಯಾಂಕರ್ ನೀರೇ ಗತಿ. ಮನೆಮನೆಗೂ ಸ್ಮಾರ್ಟ್ ಮೀಟರ್ ಹಾಕಿಸಿದರೆ ಬಳಕೆ ತಗ್ಗುತ್ತದೆ ಎಂದು ಕಂಪನಿಯೊಂದು ಹೇಳುತ್ತಿದೆ. ಖರ್ಚು ದೊಡ್ಡದು. ಹಾಕಿಸಬಹುದೇ?
— ನಿವಾಸಿಗಳ ಸಂಘದ ಕಾರ್ಯದರ್ಶಿ, ಸರ್ಜಾಪುರ ರಸ್ತೆ

ಉತ್ತರ: ಹಾಕಿಸಬಹುದು. ಆದರೆ ಅದಕ್ಕೆ ಮೊದಲು ಹೆಚ್ಚು ಖರ್ಚಿಲ್ಲದ ಒಂದು ಕೆಲಸವಿದೆ, ಅದು ಸೋರಿಕೆಯ ಪತ್ತೆ. ಎಲ್ಲರೂ ಮಲಗಿರುವ ರಾತ್ರಿ ಒಂದು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಪಂಪು ನಿಲ್ಲಿಸಿ, ಪ್ರತಿ ಬ್ಲಾಕಿನ ಓವರ್‌ಹೆಡ್ ಟ್ಯಾಂಕಿನಲ್ಲಿ ನೀರು ಎಷ್ಟು ಇಳಿಯಿತೆಂದು ಒಂದು ವಾರ ಬರೆದಿಡಿ. ಆ ಹೊತ್ತಿನಲ್ಲಿ ಇಳಿದ ನೀರಿನ ಬಹುಪಾಲು ಯಾರ ಬಳಕೆಗೂ ಹೋದದ್ದಲ್ಲ. ಕಮೋಡಿನ ಫ್ಲಶ್ ಟ್ಯಾಂಕಿನ ವಾಷರ್ ಸವೆದು ನಿಮಿಷಕ್ಕೆ ಅರ್ಧ ಲೀಟರ್ ನೀರು ಸದ್ದಿಲ್ಲದೆ ಜಾರುತ್ತಿದ್ದರೆ ದಿನಕ್ಕೆ 720 ಲೀಟರ್ ಪೋಲಾಗುತ್ತದೆ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ನಗರ ನೀರು ಪೂರೈಕೆಯ ಮಾನದಂಡದ ಪ್ರಕಾರ ಅದು ಐದು ಜನರ ಪಾಲು. ಯಾವ ಮನೆಯಲ್ಲಿ ಹೀಗಾಗುತ್ತಿದೆ ಎಂದು ತಿಳಿಯಲು ಫ್ಲಶ್ ಟ್ಯಾಂಕಿಗೆ ಚಿಟಿಕೆ ಅಡುಗೆ ಬಣ್ಣ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದರೆ ಸಾಕು, ಫ್ಲಶ್ ಮಾಡದೆಯೇ ಕಮೋಡಿನಲ್ಲಿ ಬಣ್ಣ ಕಾಣಿಸಿಕೊಂಡರೆ ಸೋರಿಕೆ ಇದೆ ಎಂದರ್ಥ.

ಇನ್ನು ಮೀಟರಿನ ವಿಚಾರ. ಕಂಪನಿಯವರು ಒಂದು ಮನೆಗೆ ಎಷ್ಟು ಮೀಟರ್ ಎಂದು ಹೇಳಿದ್ದಾರೆಯೇ ಕೇಳಿಕೊಳ್ಳಿ. ಬೆಂಗಳೂರಿನ ಬಹಳಷ್ಟು ಅಪಾರ್ಟ್‌ಮೆಂಟ್‌ಗಳಲ್ಲಿ ಮನೆಗೆ ನೀರು ಬರುವುದು ಒಂದೇ ಪೈಪಿನಿಂದಲ್ಲ. ಅಡುಗೆಮನೆಗೊಂದು, ಪ್ರತಿ ಬಾತ್‌ರೂಮಿಗೊಂದು, ಬಟ್ಟೆ ಒಗೆಯುವ ಜಾಗಕ್ಕೊಂದು ಎಂದು ಮೇಲಿನ ಟ್ಯಾಂಕಿನಿಂದ ಬೇರೆ ಬೇರೆ ಪೈಪುಗಳು ಇಳಿದಿರುತ್ತವೆ. ಹೀಗಿದ್ದಾಗ ಒಂದು ಮನೆಗೆ ಮೂರೋ ನಾಲ್ಕೋ ಮೀಟರ್ ಬೇಕಾಗಿ ಅಂದಾಜು ವೆಚ್ಚವೇ ತಲೆಕೆಳಗಾಗುತ್ತದೆ. ಗಡಸು ನೀರಿನಲ್ಲಿ, ಅದರಲ್ಲೂ ಕೊಳವೆಬಾವಿಯ ಮರಳು ಬರುವ ಕಡೆ, ಒಳಗೆ ಚಕ್ರ ತಿರುಗುವ ಬಗೆಯ ಮೀಟರ್ ಬೇಗ ಕೆಡುತ್ತದೆ. ಶಬ್ದತರಂಗದಿಂದ ಅಳೆಯುವ ಮೀಟರ್ ಬಾಳಿಕೆ ಬರುತ್ತದೆ, ಬೆಲೆಯೂ ಹೆಚ್ಚು. ಕಂಪನಿ ಮುಚ್ಚಿಹೋದರೂ ಮೀಟರಿನ ಅಂಕಿಗಳು ಸಂಘದ ಕೈಯಲ್ಲೇ ಉಳಿಯುವಂತೆ ಕರಾರು ಬರೆಸಿಕೊಳ್ಳಿ. ಎಲ್ಲಕ್ಕಿಂತ ಮುಖ್ಯವಾಗಿ, ಅಳೆದ ಮೇಲೆ ದರವನ್ನು ಹೇಗೆ ವಿಧಿಸುತ್ತೀರಿ ಎಂಬ ತೀರ್ಮಾನವನ್ನು ಸರ್ವಸದಸ್ಯರ ಸಭೆಯಲ್ಲಿ ಮೀಟರ್ ಕೊಳ್ಳುವ ಮೊದಲೇ ಮಾಡಿಕೊಳ್ಳಿ. ಬಳಸಿದಷ್ಟಕ್ಕೆ ಹಣ ಎಂಬ ನಿಯಮವಿಲ್ಲದಿದ್ದರೆ ಮೀಟರಿಗೆ ಹಾಕಿದ ದುಡ್ಡು ಗೋಡೆಗೆ ಹಾಕಿದಂತೆಯೇ. ಹಾಸಿಗೆ ಹಿಡಿದ ಹಿರಿಯರಿರುವ ಮನೆಗೆ ಹೆಚ್ಚು ನೀರು ಬೇಕಾಗುತ್ತದೆ ಎಂಬುದನ್ನೂ ದರ ನಿಗದಿಯಲ್ಲಿ ಮರೆಯಬಾರದು.

ಮಳೆಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್‌ನಷ್ಟು ಮಳೆ ಬೀಳುತ್ತದೆ. ನಿಮ್ಮ ಚಾವಣಿ 10,000 ಚದರಡಿ ಇದ್ದರೆ ಅದರ ಮೇಲೆ ಬೀಳುವುದು ಸುಮಾರು 9 ಲಕ್ಷ ಲೀಟರ್. ಅದರಲ್ಲಿ ಶೇ 80ರಷ್ಟು ಹಿಡಿದರೂ 6,000 ಲೀಟರಿನ 120 ಟ್ಯಾಂಕರುಗಳಿಗೆ ಸಮ. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಿದ್ದುಪಡಿ ತಂದು ಮಳೆನೀರು ಸಂಗ್ರಹವನ್ನು ಕಡ್ಡಾಯಗೊಳಿಸಿದರೂ, ಪೈಪುಗಳನ್ನು ಅಳವಡಿಸಿ ಶೋಧಕವನ್ನು ಒಮ್ಮೆಯೂ ತೊಳೆಯದ ಕಟ್ಟಡಗಳು ಬೇಕಾದಷ್ಟಿವೆ. ಸಂಪಿನಲ್ಲಿ ಹಿಡಿಸದ ನೀರಿಗೆ ಇಂಗುಬಾವಿ ತೋಡಿಸಿ. ಮೂರು ಅಡಿ ಅಗಲ, ಇಪ್ಪತ್ತು ಮೂವತ್ತು ಅಡಿ ಆಳದ ಈ ಬಾವಿಗಳನ್ನು ತೋಡುವ ಮಣ್ಣುವಡ್ಡರ ಕುಟುಂಬಗಳು ಸರ್ಜಾಪುರದ ಸುತ್ತಮುತ್ತಲೇ ಇವೆ. ಯಾವ ಪದರದಲ್ಲಿ ನೀರು ಇಂಗುತ್ತದೆ, ಎಲ್ಲಿ ಜೇಡಿ ತಡೆಯುತ್ತದೆ ಎಂಬುದನ್ನು ಮಣ್ಣು ಮುಟ್ಟಿ ಹೇಳಬಲ್ಲ ಅವರ ತಿಳಿವಳಿಕೆಯನ್ನೂ ನಾನು ತಂತ್ರಜ್ಞಾನವೆಂದೇ ಎಣಿಸುತ್ತೇನೆ. ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಆರಂಭವಾಗಿ, ಹೊರವಲಯದ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯ ಸೇರಿದೆ, ನಿಜ. ಆದರೆ ಆ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತ ಹಂತವಾಗಿ ಪಂಪಾಗಿ ಬರಬೇಕು. ಚಾವಣಿಯ ಮೇಲೆ ಬೀಳುವ ನೀರಿಗೆ ಅಂಥ ವಿದ್ಯುತ್ ವೆಚ್ಚವಿಲ್ಲ.

ಪ್ರಶ್ನೆ: ನಾನು ವರ್ಷಗಳಿಂದ ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡುತ್ತಿದ್ದೇನೆ. ಆಟೊ ಟಿಪ್ಪರಿನವರು ಎಲ್ಲವನ್ನೂ ಒಟ್ಟಿಗೆ ಸುರಿದುಕೊಳ್ಳುತ್ತಾರೆ. ಆ್ಯಪ್‌ನಲ್ಲಿ ದೂರು ಕೊಟ್ಟರೆ ಮಾರನೆಯ ದಿನವೇ ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬರುತ್ತದೆ, ಆದರೆ ಏನೂ ಬದಲಾಗಿರುವುದಿಲ್ಲ. ಇಂಥ ಆ್ಯಪ್‌ಗಳಿಂದ ಪ್ರಯೋಜನವೇನು?
— ಗೃಹಿಣಿ, ರಾಜಾಜಿನಗರ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ಬೇರ್ಪಡಿಸಿ ಕೊಡುವುದು ನಿಮ್ಮ ಕರ್ತವ್ಯವಾದರೆ ಬೇರ್ಪಡಿಸಿಯೇ ಒಯ್ಯುವುದು ವ್ಯವಸ್ಥೆಯ ಕರ್ತವ್ಯ. ಮೂಲದಲ್ಲೇ ಕಸ ವಿಂಗಡಣೆಯನ್ನು ರಾಜ್ಯ ಹೈಕೋರ್ಟ್ ಕಡ್ಡಾಯಗೊಳಿಸಿದೆ. ಅದಕ್ಕೆ ಹಿನ್ನೆಲೆ ಮಂಡೂರು, ಮಾವಳ್ಳಿಪುರಗಳ ಜನ ಅನುಭವಿಸಿದ ಸಂಕಟ. ನಗರದ ಬೆರಕೆ ಕಸ ತಮ್ಮೂರ ಬಾವಿಯ ನೀರನ್ನೂ ಗಾಳಿಯನ್ನೂ ಕೆಡಿಸಿದಾಗ ಮಂಡೂರಿನವರು ಲಾರಿಗಳನ್ನು ತಡೆದು ನಿಂತರು, 2014ರ ಕೊನೆಗೆ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ನೀವು ದಿನವೂ ಎರಡು ಬುಟ್ಟಿ ಇಡುತ್ತಿರುವುದಕ್ಕೂ ಆ ಊರಿನ ಬಾವಿಗಳಿಗೂ ನೇರ ಸಂಬಂಧವಿದೆ. ಆದ್ದರಿಂದ ದಯವಿಟ್ಟು ಬಿಡಬೇಡಿ.

ಆ್ಯಪ್‌ನ ವಿಚಾರದಲ್ಲಿ ನೀವು ಗಮನಿಸಿದ ದೋಷ ಅದರ ರಚನೆಯಲ್ಲೇ ಇದೆ. ದೂರನ್ನು ‘ಮುಗಿಯಿತು’ ಎಂದು ಗುರುತಿಸುವ ಅಧಿಕಾರ ದೂರಿಗೆ ಹೊಣೆಯಾದವರ ಕೈಯಲ್ಲೇ ಇದ್ದರೆ, ಎಷ್ಟು ಬೇಗ ಮುಗಿಸಿದರು ಎಂಬ ಲೆಕ್ಕ ಚೆನ್ನಾಗಿ ಕಾಣುತ್ತದೆ, ಬೀದಿ ಹಾಗೆಯೇ ಇರುತ್ತದೆ. ದೂರು ಕೊಟ್ಟವರು ಒಪ್ಪಿದ ಮೇಲಷ್ಟೇ ದೂರು ಮುಗಿಯಬೇಕು, ಒಪ್ಪದಿದ್ದರೆ ಅದು ತಾನಾಗಿಯೇ ಮೇಲಧಿಕಾರಿಗೆ ಹೋಗಬೇಕು. ಇದಕ್ಕೆ ಹೊಸ ಆವಿಷ್ಕಾರವೇನೂ ಬೇಕಿಲ್ಲ, ಆಡಳಿತದ ತೀರ್ಮಾನ ಸಾಕು. ಕಸದ ಗಾಡಿಗಳಿಗೆ ಜಿಪಿಎಸ್ ಅಳವಡಿಸಿದ್ದೂ ಇದೇ ಬಗೆಯದು. ಗಾಡಿ ನಿಮ್ಮ ಬೀದಿಗೆ ಬಂದಿತ್ತೇ ಎಂದು ಅದು ಹೇಳುತ್ತದೆ, ಕಸ ಬೆರೆಯಿತೇ ಎಂದು ಹೇಳಲಾರದು.

ಏಕೆ ಬೆರೆಸುತ್ತಾರೆ ಎಂಬುದನ್ನೂ ಒಂದು ಬೆಳಿಗ್ಗೆ ನಿಂತು ನೋಡಿ. ಗಾಡಿಯಲ್ಲಿ ಒಬ್ಬ ಚಾಲಕ, ಒಬ್ಬ ಸಹಾಯಕ ಇರುತ್ತಾರೆ. ನೂರಾರು ಮನೆಗಳನ್ನು ಮುಗಿಸಿ, ಕಾಂಪ್ಯಾಕ್ಟರ್ ಲಾರಿ ಹೊರಡುವಷ್ಟರಲ್ಲಿ ಸುರಿಯಬೇಕು. ಬಹಳಷ್ಟು ಗಾಡಿಗಳ ಡಬ್ಬದಲ್ಲಿ ಅಡ್ಡಗೋಡೆ ಇರುವುದಿಲ್ಲ. ಆದರೂ ಹಿಂಬದಿಯಲ್ಲಿ ಒಂದೆರಡು ಗೋಣಿಚೀಲ ನೇತಾಡುತ್ತಿರುವುದನ್ನು ನೀವು ಕಂಡಿರಬಹುದು. ರಟ್ಟು, ಬಾಟಲಿ, ಹಾಲಿನ ಕವರುಗಳನ್ನು ಸಹಾಯಕ ಅದರಲ್ಲಿ ತುಂಬುತ್ತಾನೆ, ಅವುಗಳಿಗೆ ಗುಜರಿ ಅಂಗಡಿಯಲ್ಲಿ ಬೆಲೆಯಿದೆ. ಬೆಲೆಯಿಲ್ಲದ್ದು ಚಿಪ್ಸ್ ಪೊಟ್ಟಣದಂಥ ಹಲವು ಪದರಗಳ ಹಾಳೆ, ಅದನ್ನು ಯಾರೂ ಎತ್ತುವುದಿಲ್ಲ. ಒಣಕಸಕ್ಕೆ ಪ್ರತ್ಯೇಕ ದಿನ, ಪ್ರತ್ಯೇಕ ಗಾಡಿ ಇರುವ ಬಡಾವಣೆಗಳಲ್ಲಿ ಬೆರಕೆ ಕಡಿಮೆಯಾಗಿದೆ. ಚಿಂದಿ ಆಯುವವರನ್ನು ಸಂಘಟಿಸಿದ ಹಸಿರು ದಳದಂಥ ಸಂಸ್ಥೆಗಳ ಪ್ರಯತ್ನದಿಂದ ಅವರಲ್ಲಿ ಅನೇಕರಿಗೆ ಗುರುತಿನ ಚೀಟಿ ಸಿಕ್ಕಿತು, ಕೆಲವರು ವಾರ್ಡಿನ ಒಣತ್ಯಾಜ್ಯ ಸಂಗ್ರಹಣ ಕೇಂದ್ರಗಳನ್ನೇ ನಡೆಸುತ್ತಿದ್ದಾರೆ. ಕೈಯಲ್ಲಿ ಹಿಸುಕಿ, ಅದರ ಸದ್ದು ಕೇಳಿ, ಯಾವ ಜಾತಿಯ ಪ್ಲಾಸ್ಟಿಕ್ ಎಂದು ಗುರುತಿಸುವ ಆ ಕೇಂದ್ರಗಳ ಹೆಣ್ಣುಮಕ್ಕಳ ಕೆಲಸವನ್ನು ಯಂತ್ರದಿಂದ ಮಾಡಿಸಲು ಕೋಟಿಗಟ್ಟಲೆ ಸುರಿಯುವ ಮೊದಲು, ಅವರಿಗೆ ಒಂದು ಒಳ್ಳೆಯ ಶೆಡ್ಡು, ಬೇಲ್ ಕಟ್ಟುವ ಯಂತ್ರ, ತೂಕದ ಯಂತ್ರ, ಕೈಗವಸು, ಕುಡಿಯುವ ನೀರು, ಶೌಚಾಲಯ ಕೊಡಬೇಕು. ನಿಮ್ಮ ವಾರ್ಡಿನ ಕೇಂದ್ರ ಎಲ್ಲಿದೆ ಎಂದು ಕೇಳಿ ಒಣ ಕಸವನ್ನು ವಾರಕ್ಕೊಮ್ಮೆ ನೇರವಾಗಿ ಅಲ್ಲಿಗೇ ತಲುಪಿಸಬಹುದು. ಹಸಿ ಕಸಕ್ಕೆ ಬಾಲ್ಕನಿಯಲ್ಲೇ ಗೊಬ್ಬರದ ಕುಂಡ ಇಟ್ಟರೆ ಗಾಡಿಗೆ ಕೊಡಬೇಕಾದದ್ದು ಬಹಳ ಕಡಿಮೆಯಾಗುತ್ತದೆ.

ದೂರು ಕೊಡುವಾಗ ‘ಕಸ ಬೆರೆಸುತ್ತಾರೆ’ ಎಂದಷ್ಟೇ ಬರೆಯದೆ ಗಾಡಿಯ ಸಂಖ್ಯೆ, ದಿನಾಂಕ, ಸಮಯ ಬರೆಯಿರಿ. ಬೀದಿಯ ಹತ್ತು ಮನೆಯವರು ಒಂದೇ ವಾರದಲ್ಲಿ ಹೀಗೆ ಬರೆದರೆ, ಗುತ್ತಿಗೆದಾರರ ಬಿಲ್ಲು ಮಂಜೂರು ಮಾಡುವ ಎಂಜಿನಿಯರ್ ಅದನ್ನು ಕಡೆಗಣಿಸುವುದು ಕಷ್ಟ.

ಪ್ರಶ್ನೆ: ವರ್ತೂರು ಹೋಬಳಿಯಲ್ಲಿ 30–40ರ ನಿವೇಶನ ಕೊಳ್ಳಲು ಮಾತುಕತೆ ನಡೆದಿದೆ. ರಾಜಕಾಲುವೆ ಹತ್ತಿರವಿಲ್ಲ ಎಂದು ಮಾರುವವರು ಹೇಳುತ್ತಾರೆ. ಮೊಬೈಲಿನಲ್ಲೇ ಪರೀಕ್ಷಿಸುವ ದಾರಿ ಇದೆಯೇ?
— ಖಾಸಗಿ ಸಂಸ್ಥೆಯ ಉದ್ಯೋಗಿ, ಕೆ.ಆರ್. ಪುರ

ಉತ್ತರ: ಇದೆ. ಜನಸಾಮಾನ್ಯರಿಗೆ ನಿಜವಾಗಿ ಉಪಯೋಗವಾದ ಸರ್ಕಾರಿ ಆ್ಯಪ್‌ಗಳಲ್ಲಿ ದಿಶಾಂಕ್ ಒಂದು. ಕರ್ನಾಟಕ ರಾಜ್ಯ ದೂರ ಸಂವೇದಿ ಅನ್ವಯಿಕ ಕೇಂದ್ರ ರೂಪಿಸಿದ ಈ ಆ್ಯಪ್ ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಗಳನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ ತೋರಿಸುತ್ತದೆ. ನಿವೇಶನದಲ್ಲಿ ನಿಂತು ಆ್ಯಪ್ ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್, ಅಕ್ಕಪಕ್ಕದ ಕೆರೆ, ಹಳ್ಳ, ಖರಾಬು (ಸಾಗುವಳಿಗೆ ಬಾರದ ನೆಲ) ಕಾಣುತ್ತವೆ. ಮಾರಾಟಗಾರರು ಕೊಟ್ಟ ಕಾಗದದಲ್ಲಿರುವ ಸರ್ವೆ ನಂಬರಿಗೂ ಆ್ಯಪ್ ತೋರಿಸುವ ನಂಬರಿಗೂ ತಾಳೆಯಾಗದಿದ್ದರೆ ಅಲ್ಲಿಗೇ ಮಾತುಕತೆ ನಿಲ್ಲಿಸಿ. ತಾಳೆಯಾದರೂ ಮೊಬೈಲಿನ ಸ್ಥಳಸೂಚನೆ ಕೆಲವು ಮೀಟರ್ ಆಚೀಚೆ ಆಗುವುದು ಸಹಜ, ನಕ್ಷೆಯನ್ನು ಕೂರಿಸುವಲ್ಲಿಯೂ ವ್ಯತ್ಯಾಸವಿರುತ್ತದೆ. ಅಗಲವೇ ಮೂವತ್ತು ಅಡಿ ಇರುವ ನಿವೇಶನಕ್ಕೆ ಆ ಕೆಲವು ಮೀಟರುಗಳೇ ನಿರ್ಣಾಯಕ. ಆದ್ದರಿಂದ ಆ್ಯಪ್ ಎಚ್ಚರಿಕೆಗೆ ಸಾಕು, ಖಾತ್ರಿಗೆ ಸಾಲದು. ಖಾತ್ರಿಗೆ ಕಂದಾಯ ಇಲಾಖೆಯ ಗ್ರಾಮ ನಕ್ಷೆಯನ್ನು ಪಡೆದು, ಪರವಾನಗಿ ಇರುವ ಭೂಮಾಪಕರಿಂದ ಅಳತೆ ಮಾಡಿಸಬೇಕು. 2015ರ ಪರಿಷ್ಕೃತ ಮಹಾಯೋಜನೆ ಪ್ರಾಥಮಿಕ, ದ್ವಿತೀಯ, ತೃತೀಯ ರಾಜಕಾಲುವೆಗಳಿಗೆ ಕ್ರಮವಾಗಿ 50, 25, 15 ಮೀಟರ್ ಮೀಸಲು ಅಂತರವನ್ನು, ಅಂದರೆ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗವನ್ನು, ಗೊತ್ತುಪಡಿಸಿತ್ತು. ಈ ನಿಯಮಗಳು ಬದಲಾಗುತ್ತಿರುವುದರಿಂದ ಇಂದಿನ ಅಂತರವನ್ನು ಯೋಜನಾ ಪ್ರಾಧಿಕಾರದಿಂದ ಬರಹದಲ್ಲೇ ಪಡೆಯಿರಿ.

ಕಾಗದದ ಆಚೆಗೂ ಒಂದು ಪರೀಕ್ಷೆಯಿದೆ. ಬೆಂಗಳೂರಿನ ಕೆರೆಗಳನ್ನು ಸರಪಳಿಯಾಗಿ ಕಟ್ಟಿದ್ದರು. ಮೇಲಿನ ಕೆರೆ ತುಂಬಿದರೆ ಕೋಡಿ ಹರಿದು ಕಾಲುವೆಯ ಮೂಲಕ ಕೆಳಗಿನ ಕೆರೆಗೆ ನೀರು ಹೋಗಬೇಕು. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕೆರೆ ಹೋದರೂ ಇಳಿಜಾರು ಹೋಗುವುದಿಲ್ಲ, ಮಳೆನೀರು ತನ್ನ ಹಳೆಯ ದಾರಿಯನ್ನೇ ಹುಡುಕುತ್ತದೆ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆಯ ಬಡಾವಣೆಗಳಿಂದ ಜನರನ್ನು ಟ್ರ್ಯಾಕ್ಟರುಗಳಲ್ಲಿ ಹೊರತರಬೇಕಾಯಿತು. ನೀವು ನೋಡುತ್ತಿರುವ ಊರಿನಲ್ಲಿ ಹಿಂದೆ ಗದ್ದೆ ಮಾಡುತ್ತಿದ್ದ ಹಿರಿಯರೊಬ್ಬರನ್ನು ಹುಡುಕಿ, ಆ ಸರ್ವೆ ನಂಬರಿನಲ್ಲಿ ಭತ್ತ ಬೆಳೆಯುತ್ತಿದ್ದರೇ ರಾಗಿ ಬೆಳೆಯುತ್ತಿದ್ದರೇ ಎಂದು ಕೇಳಿ. ಭತ್ತದ ಗದ್ದೆಯಾಗಿತ್ತು ಎಂದರೆ ಅದು ಕೆರೆಯ ಕೆಳಗಿನ ತಗ್ಗು ನೆಲ, ಅಲ್ಲಿ ಮನೆ ಕಟ್ಟುವುದಾದರೆ ನೆಲಮಾಳಿಗೆಯ ಆಸೆ ಬಿಡಬೇಕು. ಮಳೆಗಾಲದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮೇಘ ಸಂದೇಶ ಆ್ಯಪ್‌ನಲ್ಲಿ ನಿಮ್ಮ ಬಡಾವಣೆಯ ಮಳೆಯ ಅಳತೆ ನೋಡಬಹುದು. ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳನ್ನೂ ನಗರದಲ್ಲಿ ಅಳವಡಿಸಲಾಗಿದೆ. ಒಂದೆರಡು ಗಂಟೆ ಮೊದಲೇ ಎಚ್ಚರಿಕೆ ಸಿಕ್ಕರೆ ಕಾರು, ಬೈಕು, ಔಷಧಿ, ಕಾಗದಪತ್ರಗಳು ಉಳಿಯುತ್ತವೆ.

ಪ್ರಶ್ನೆ: ಕೆರೆಯ ನೊರೆ, ವಾಸನೆ ಹೋಗಲಾಡಿಸಲು ಗಾಳಿ ಊದುವ ಯಂತ್ರ, ಸೂಕ್ಷ್ಮಜೀವಿ ದ್ರಾವಣ, ತೇಲುವ ತೋಟ ಎಂದು ದಿನಕ್ಕೊಂದು ಸಲಹೆ ಬರುತ್ತಿದೆ. ಇವುಗಳಲ್ಲಿ ಯಾವುದು ಫಲ ಕೊಡುತ್ತದೆ?
— ಕೆರೆ ಸಂರಕ್ಷಣಾ ಗುಂಪಿನ ಸದಸ್ಯರು, ವರ್ತೂರು

ಉತ್ತರ: ಒಳಚರಂಡಿಯ ನೀರು ಕೆರೆಗೆ ಬರುತ್ತಿರುವವರೆಗೂ ಇವುಗಳಲ್ಲಿ ಯಾವುದೂ ಫಲ ಕೊಡುವುದಿಲ್ಲ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ 2015, 2017, 2018ರಲ್ಲಿ ಹೊತ್ತಿ ಉರಿದ ದೃಶ್ಯವನ್ನು ದೇಶವೇ ನೋಡಿತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ಅಲ್ಲಿಗೆ ಬಂದು, ಅಲ್ಲಿಂದ ನಿಮ್ಮ ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ನೊರೆಗೆ ಕಾರಣ ನಮ್ಮ ಬಟ್ಟೆ, ಪಾತ್ರೆಗಳ ಮಾರ್ಜಕ. ಅದರ ರಾಸಾಯನಿಕ ತಳದ ಹೂಳಿಗೆ ಅಂಟಿಕೊಂಡಿರುತ್ತದೆ, ಜೋರು ಮಳೆ ಬಂದು ಹೂಳು ಕಲಕಿದಾಗ ಬಿಡುಗಡೆಯಾಗಿ, ಕೋಡಿಯಲ್ಲಿ ನೀರು ಧುಮುಕುವಾಗ ಗಾಳಿ ಸೇರಿ ನೊರೆಯಾಗುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಹೀಗಿರುವಾಗ ನೀರಿನ ಮೇಲ್ಭಾಗದಲ್ಲಿ ಗಾಳಿ ಊದುವ ನಾಲ್ಕು ಯಂತ್ರಗಳು ಏನು ಮಾಡಬಲ್ಲವು? ಸಣ್ಣ ಕೊಳದಲ್ಲಿ ಮೀನಿಗೆ ಉಸಿರು ಕೊಡಲು ಅವು ಸರಿ. ದ್ರಾವಣಗಳ ಮೇಲೆ ಹಣ ಹಾಕಬೇಡಿ ಎಂದೇ ನನ್ನ ಸಲಹೆ.

ಜಕ್ಕೂರು ಕೆರೆಗೆ ಒಮ್ಮೆ ಗುಂಪಿನವರೆಲ್ಲ ಹೋಗಿ ಬನ್ನಿ. ಅಲ್ಲಿ ಜಲಮಂಡಳಿಯ ಕೊಳಚೆ ಶುದ್ಧೀಕರಣ ಘಟಕದಿಂದ ಹೊರಬಂದ ನೀರು ನೇರವಾಗಿ ಕೆರೆಗೆ ಬೀಳುವುದಿಲ್ಲ, ಜೊಂಡು ಬೆಳೆದ ಜೌಗಿನಲ್ಲಿ ನಿಧಾನವಾಗಿ ಹಾದು ಬರುತ್ತದೆ. ಘಟಕ ಬಿಟ್ಟ ಸಾರಜನಕ, ರಂಜಕಗಳಲ್ಲಿ ಒಂದು ಪಾಲನ್ನು ಆ ಸಸ್ಯಗಳು ಹೀರುತ್ತವೆ. ಬೇಸಿಗೆಯಲ್ಲೂ ಕೆರೆ ತುಂಬಿರುವುದರಿಂದ ಸುತ್ತಲಿನ ಬಾವಿಗಳಿಗೂ ನೀರು ದಕ್ಕುತ್ತದೆ. ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಸಾಗಿಸಬೇಕು, ಇಲ್ಲದಿದ್ದರೆ ಅದು ಅಲ್ಲೇ ಕೊಳೆತು ಹೀರಿದ್ದನ್ನೆಲ್ಲ ಮರಳಿ ನೀರಿಗೆ ಬಿಡುತ್ತದೆ. ನಿಮ್ಮ ಗುಂಪು ಮಾಡಬಹುದಾದ ಬಹು ದೊಡ್ಡ ಕೆಲಸವೆಂದರೆ ಬೇಸಿಗೆಯಲ್ಲಿ, ಮಳೆಯೇ ಇಲ್ಲದ ದಿನಗಳಲ್ಲಿ, ಕೆರೆಗೆ ಸೇರುವ ಪ್ರತಿಯೊಂದು ಕಾಲುವೆಯ ಬಾಯಲ್ಲಿ ನಿಂತು ಚಿತ್ರ ತೆಗೆದು ಸ್ಥಳ, ದಿನಾಂಕದೊಂದಿಗೆ ನಕ್ಷೆ ಮಾಡುವುದು. ಮಳೆನೀರಿನ ಕಾಲುವೆಯಲ್ಲಿ ಬೇಸಿಗೆಯಲ್ಲಿ ಹರಿಯುವುದು ಕೊಳಚೆಯಲ್ಲದೆ ಬೇರೆಯಲ್ಲ. ಅದರ ಜಾಡು ಹಿಡಿದು ಮೇಲಕ್ಕೆ ನಡೆದರೆ ಯಾವ ಬೀದಿಯ, ಯಾವ ಕಟ್ಟಡದ ಸಂಪರ್ಕ ತಪ್ಪಿದೆ ಎಂಬುದು ತಿಳಿಯುತ್ತದೆ. ಇದೇ ಕಣಿವೆಯ ಸಂಸ್ಕರಿಸಿದ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ದ್ವಿತೀಯ ಹಂತದ ಸಂಸ್ಕರಣೆ ಸಾಲದು, ಮೂರನೆಯ ಹಂತವೂ ಬೇಕು ಎಂದು ಅಲ್ಲಿನ ರೈತರು ಕೇಳುತ್ತಿರುವುದು ನ್ಯಾಯವಾಗಿದೆ. ನಗರ ತಾನು ಬಳಸಿ ಬಿಟ್ಟ ನೀರನ್ನು ಬರದ ಜಿಲ್ಲೆಗೆ ಕೊಡುವಾಗ ಅದನ್ನು ಸಂಪೂರ್ಣ ಶುದ್ಧ ಮಾಡಿಯೇ ಕೊಡಬೇಕು.

ಪ್ರಶ್ನೆ: ನಾನು ಬೈಕಿನಲ್ಲಿ ಊಟ ತಲುಪಿಸುವ ಕೆಲಸ ಮಾಡುತ್ತೇನೆ. ಮಳೆ, ಟ್ರಾಫಿಕ್ ಏನೇ ಇರಲಿ ಆ್ಯಪ್ ತೋರಿಸುವ ಸಮಯಕ್ಕೆ ತಲುಪಬೇಕು. ಒಮ್ಮೊಮ್ಮೆ ಕಾರಣ ಹೇಳದೆ ಐಡಿ ನಿಲ್ಲಿಸುತ್ತಾರೆ. ಯಾರನ್ನು ಕೇಳಬೇಕು?
— ಡೆಲಿವರಿ ಕಾರ್ಮಿಕ, ಬಿಟಿಎಂ ಬಡಾವಣೆ

ಉತ್ತರ: ನಗರದ ಅನುಕೂಲಕ್ಕೆಂದು ಬಂದ ತಂತ್ರಜ್ಞಾನದ ಭಾರ ಯಾರ ಹೆಗಲ ಮೇಲೆ ಬಿದ್ದಿದೆ ಎಂಬುದನ್ನು ನಿಮ್ಮ ಪತ್ರ ತೋರಿಸುತ್ತದೆ. ಈಗ ನಿಮಗೆ ಕಾನೂನಿನ ಬೆಂಬಲವಿದೆ. ಕರ್ನಾಟಕ ಸರ್ಕಾರ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆಯನ್ನು ತಂದಿದೆ. ಅದರ ಪ್ರಕಾರ ಲಿಖಿತವಾಗಿ ಕಾರಣ ಕೊಡದೆ, 14 ದಿನಗಳ ಮುನ್ಸೂಚನೆ ಇಲ್ಲದೆ ಕಾರ್ಮಿಕರನ್ನು ಕೆಲಸದಿಂದ ತೆಗೆಯುವಂತಿಲ್ಲ. ಕೆಲಸ ಹಂಚುವ, ಅಂಕ ಕೊಡುವ ಸ್ವಯಂಚಾಲಿತ ವ್ಯವಸ್ಥೆ ನಿಮ್ಮ ದುಡಿಮೆಯನ್ನು ಹೇಗೆ ನಿರ್ಧರಿಸುತ್ತದೆ ಎಂಬುದನ್ನು ಕೇಳಿ ತಿಳಿಯುವ ಹಕ್ಕೂ ಇದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟನ್ನು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಟಬೇಕು. ಮೊದಲು ಈ ಕಾಯ್ದೆಯಡಿಯ ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಿ. ಐಡಿ ನಿಂತ ದಿನವೇ ಪರದೆಯ ಚಿತ್ರ ತೆಗೆದಿಟ್ಟು, ಕಂಪನಿಗೆ ಬರಹದಲ್ಲಿ ಕಾರಣ ಕೇಳಿ, ಉತ್ತರ ಬಾರದಿದ್ದರೆ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಆಟೊ ಚಾಲಕರ ಸಂಘ ಮುಂದೆ ನಿಂತು ಬೆಳೆಸಿದ ನಮ್ಮ ಯಾತ್ರಿ ಆ್ಯಪ್ ಪ್ರತಿ ಬಾಡಿಗೆಯಲ್ಲಿ ಪಾಲು ಕೇಳುವುದರ ಬದಲು ನಿಗದಿತ ಶುಲ್ಕದ ದಾರಿ ಹಿಡಿಯಿತು. ಆ್ಯಪ್‌ನ ನಿಯಮಗಳನ್ನು ದುಡಿಯುವವರೂ ಕೂಡಿ ಬರೆಯಬಹುದು ಎಂಬುದಕ್ಕೆ ಅದು ಬೆಂಗಳೂರಿನಲ್ಲೇ ಇರುವ ಉದಾಹರಣೆ. ಊಟ ತರಿಸುವ ಓದುಗರಲ್ಲಿಯೂ ಒಂದು ವಿನಂತಿ: ಮಳೆಯಲ್ಲಿ ತಡವಾದರೆ ಅಂಕ ಕಡಿಮೆ ಮಾಡಬೇಡಿ.

ಪ್ರಶ್ನೆ: ನಾವು ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳು. ಕಡಿಮೆ ಬೆಲೆಯ ಸಂವೇದಕದಿಂದ ವಾಯುಮಾಲಿನ್ಯ ಅಳೆದು ಆ್ಯಪ್‌ನಲ್ಲಿ ತೋರಿಸುವ ಪ್ರಾಜೆಕ್ಟ್ ಮಾಡಬೇಕೆಂದಿದ್ದೇವೆ. ಸಲಹೆ ಕೊಡಿ.
— ವಿದ್ಯಾರ್ಥಿಗಳ ತಂಡ, ಬಸವನಗುಡಿ

ಉತ್ತರ: ಒಳ್ಳೆಯ ಕೆಲಸ, ಮಾಡಿ. ನೀವು ಕೊಳ್ಳುವ ಅಗ್ಗದ ಸಂವೇದಕ ಲೇಸರ್ ಬೆಳಕು ಕಣಗಳಿಂದ ಚದುರುವುದನ್ನು ಅಳೆದು, ಅದರಿಂದ ಕಣಗಳ ತೂಕವನ್ನು ಅಂದಾಜು ಮಾಡುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ಕಣಗಳು ನೀರು ಹೀರಿ ಉಬ್ಬುವುದರಿಂದ, ಮಂಜು ಕವಿದ ಮುಂಜಾನೆಯಲ್ಲಿ ಅದು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಆದ್ದರಿಂದ ತೇವಾಂಶ ಅಳೆಯುವ ಸಂವೇದಕವನ್ನೂ ಜೊತೆಗಿಡಿ. ಹೆಬ್ಬಾಳ, ಜಯನಗರಗಳಲ್ಲಿರುವಂಥ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರದ ಸಮೀಪ ಕೆಲವು ವಾರ ನಿಮ್ಮ ಪೆಟ್ಟಿಗೆಯನ್ನಿಟ್ಟು, ಎರಡರ ಅಂಕಿಗಳನ್ನು ಹೋಲಿಸಿ ತಿದ್ದುಪಡಿಯ ಸೂತ್ರ ಕಂಡುಕೊಂಡ ಮೇಲಷ್ಟೇ ಬೀದಿಗಿಳಿಯಿರಿ. 2.5 ಮೈಕ್ರಾನಿಗಿಂತ ಸಣ್ಣ ಕಣಗಳಿಗೆ ನಮ್ಮ ದೇಶದ ಮಿತಿ ದಿನದ ಸರಾಸರಿಯಲ್ಲಿ ಘನಮೀಟರಿಗೆ 60, ವರ್ಷದ ಸರಾಸರಿಯಲ್ಲಿ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು ಕ್ರಮವಾಗಿ 15 ಮತ್ತು 5. ಎರಡನ್ನೂ ತೋರಿಸಿ.

ಇನ್ನೊಂದು ಆ್ಯಪ್ ಮಾಡುವುದು ಬೇಡ ಎಂದು ಒತ್ತಿ ಹೇಳುತ್ತೇನೆ. ನಗರದ ಗಾಳಿ ಹೇಗಿದೆ ಎಂದು ಹೇಳುವ ಆ್ಯಪ್‌ಗಳು ಈಗಾಗಲೇ ಇವೆ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಅವುಗಳಲ್ಲಿ ಒಂದು. ಇಲ್ಲದಿರುವುದು ನಿರ್ದಿಷ್ಟ ಪ್ರಶ್ನೆಗೆ ಉತ್ತರ. ಶಾಲೆ ಬಿಡುವ ಹೊತ್ತಿನಲ್ಲಿ ಗೇಟಿನ ಮುಂದೆ ವ್ಯಾನು, ಕಾರುಗಳು ಎಂಜಿನ್ ಆರಿಸದೆ ನಿಂತಾಗ ಮಕ್ಕಳು ಎಷ್ಟು ಹೊಗೆ ಕುಡಿಯುತ್ತಾರೆ? ನಸುಕಿನಲ್ಲಿ ರಸ್ತೆ ಗುಡಿಸುವ ಪೌರಕಾರ್ಮಿಕ ಮಹಿಳೆಯ ಉಸಿರಿನ ಮಟ್ಟದಲ್ಲಿ ಎಷ್ಟು ದೂಳಿರುತ್ತದೆ, ಗುಡಿಸುವ ಮೊದಲು ನೀರು ಚಿಮುಕಿಸಿದರೆ ಅದು ಎಷ್ಟು ಇಳಿಯುತ್ತದೆ? ಇಂಥ ಒಂದು ಪ್ರಶ್ನೆ ಹಿಡಿದು, ಉತ್ತರವನ್ನು ಕನ್ನಡದಲ್ಲಿ ಒಂದು ಪುಟ ಬರೆದು ಶಾಲೆಯ ಮುಖ್ಯೋಪಾಧ್ಯಾಯರಿಗೋ ವಾರ್ಡಿನ ಆರೋಗ್ಯ ಪರಿವೀಕ್ಷಕರಿಗೋ ಕೊಡಿ. ಗೇಟಿನ ಮುಂದೆ ಎಂಜಿನ್ ಆರಿಸಿಡುವ ನಿಯಮವೊಂದು ಜಾರಿಗೆ ಬಂದರೂ ಅದು ನಿಮ್ಮ ಪದವಿಯ ಅಂಕಗಳಿಗಿಂತ ಬೆಲೆಯುಳ್ಳದ್ದು. ಪೌರಕಾರ್ಮಿಕರಿಗೆ ಸಂವೇದಕ ತೊಡಿಸುವುದಾದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ. ಆ ಅಂಕಿಗಳು ಅವರ ಹಾಜರಿ ಹಿಡಿಯಲು ಬಳಕೆಯಾಗುವುದಿಲ್ಲ ಎಂದು ಬರೆದುಕೊಡಿ.

ಪ್ರಶ್ನೆ: ನನಗೆ 74 ವರ್ಷ. ಸ್ಮಾರ್ಟ್‌ಫೋನ್ ಇಲ್ಲ. ಎಲ್ಲದಕ್ಕೂ ಆನ್‌ಲೈನ್ ಎನ್ನುತ್ತಾರೆ. ನಮ್ಮಂಥವರು ಏನು ಮಾಡಬೇಕು?
— ನಿವೃತ್ತ ಶಿಕ್ಷಕರು, ವಿಜಯನಗರ

ಉತ್ತರ: ಗುರುಗಳೇ, ಸ್ಮಾರ್ಟ್‌ಫೋನ್ ಇಲ್ಲದಿರುವುದು ಸೇವೆ ನಿರಾಕರಿಸಲು ಕಾರಣವಾಗಲಾರದು. ಕಸ, ಬೀದಿದೀಪ, ರಸ್ತೆಗುಂಡಿಗೆ ಸಾಮಾನ್ಯ ಫೋನಿನಿಂದಲೇ 1533ಕ್ಕೆ, ನೀರು ಮತ್ತು ಒಳಚರಂಡಿಗೆ 1916ಕ್ಕೆ, ವಿದ್ಯುತ್ತಿಗೆ 1912ಕ್ಕೆ ಕರೆ ಮಾಡಿ. ಬಿಲ್ಲು ಪಾವತಿ, ಅರ್ಜಿಗಳಿಗೆ ಹತ್ತಿರದ ಬೆಂಗಳೂರು ಒನ್ ಕೇಂದ್ರಕ್ಕೆ ಹೋಗಬಹುದು. 2011ರ ಸಕಾಲ ಕಾಯ್ದೆಯ ಪಟ್ಟಿಯಲ್ಲಿರುವ ಸೇವೆಯಾದರೆ ನಿಗದಿತ ದಿನದೊಳಗೆ ಕೆಲಸವಾಗಬೇಕು. ಆಗದಿದ್ದರೆ ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಅರ್ಜಿ ಕೊಟ್ಟಾಗ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಚೀಟಿಯನ್ನು ತಪ್ಪದೆ ಪಡೆಯಿರಿ. ಮೇಲ್ಮನವಿ ಸಲ್ಲಿಸುವಾಗ ಮೊದಲು ಕೇಳುವುದು ಆ ಸಂಖ್ಯೆಯನ್ನೇ.